ಮಲೆಯ ನೆಲೆ, ಬಯಲ ನೆಲೆ

ಲೋಕದ ಕಾವು ಏರುತ್ತಿರುವ ಈ ಕಾಲದಲ್ಲಿ ಮೊದಲು ಕೆಡುವುದು ಗುತ್ತಲದ ಸುತ್ತಣ ಎರೆಯ ಬಯಲೋ, ಕುದುರೆಮುಖದ ಶೋಲೆಯ ಕಾಡೋ? ಮಳೆ ಕಡಮೆ, ಬಿಸಿಲು ಹೆಚ್ಚು ಎಂದು ವಾಚಕರಲ್ಲಿ ಬಹುಮಂದಿ ಬಯಲನ್ನೇ ಹೆಸರಿಸುವರು. ಆದರೆ ವಿಷಯವು ಅಷ್ಟು ಸುಲಭವಾದುದಲ್ಲ.

ಸುಮಾರು 150 ಮೀಟರು ಮೇಲೇರಿದರೆ ಹವೆಯು ಒಂದು ಡಿಗ್ರಿಯಷ್ಟು ತಂಪಾಗುವುದು. ಆದುದರಿಂದ ಮಲೆಯ ಜೀವಿಗೆ ಆಶ್ರಯವು ಹತ್ತಿರದಲ್ಲಿಯೇ ಉಂಟು. ಆದರೆ ಬೆಟ್ಟಕ್ಕೂ ಒಂದು ತುದಿಯುಂಟಷ್ಟೆ! ಮೈಯ ತೇವ ಆರಿದರೆ ಬದುಕಲಾರದ ಕಪ್ಪೆಯು ಆ ತುದಿಯಿಂದ ಮತ್ತೆಲ್ಲಿಗೆ ಹೋದೀತು?

ಬಯಲಿನ ಕೃಷ್ಣಮೃಗವಾದರೋ ಬಿಸಿಲನ್ನು ಬಲ್ಲ ಪ್ರಾಣಿ. ಆದರೆ ಸಮನೆಲದಲ್ಲಿ ಅಷ್ಟೇ ತಂಪನ್ನರಸಲು ಹತ್ತಾರು ಹರಿದಾರಿ ನಡೆಯಬೇಕು. ನಡುವೆ ಹೊಲ, ಊರು, ಹೆದ್ದಾರಿ. ಅದರ ರಕ್ಷಣೆಗೆಂದು 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವು ಏರ್ಪಟ್ಟಿತು. ಆದರೆ ಅಲ್ಲಿಯೂ ಹುಲ್ಲುನೆಲದ ಬಹುಭಾಗಕ್ಕೆ ನೀಲಗಿರಿ ತೋಪು ಬಂದಿತು. ಹಿಂದೆ ಅಲ್ಲಿದ್ದ ಎರೆಭೂತವೆಂಬ ದೊಡ್ಡ ಹಕ್ಕಿಯು ಈಗ ಕಾಣದು. ಹುಲ್ಲುನೆಲವನ್ನು ನಂಬಿದ ಆ ಹಕ್ಕಿಯನ್ನು ನಾಡಿನಾದ್ಯಂತ ವಿರಳವಾಗಿಸಿದುದು ಬಿಸಿಲಲ್ಲ. ಬೇಟೆ ಮತ್ತು ನೆಲೆಯ ನಾಶ.

ಹೀಗೆ ಮಲೆಗೆ ಎತ್ತರದ ಮಿತಿ, ಬಯಲಿಗೆ ದಾರಿಯ ತಡೆ. ಮೊದಲನೆಯದು ಪ್ರಕೃತಿಯದು, ಎರಡನೆಯದು ನಮ್ಮದು. ನಮ್ಮದಾದುದನ್ನು ನಾವೇ ತಿದ್ದಬಹುದು. ಗೋಮಾಳವನ್ನು ಬೀಳುನೆಲವೆಂದೆಣಿಸಿ ಉಳುವ, ಮರ ನೆಡುವ ಆತುರವನ್ನು ತಡೆಯೋಣ. ಬರದ ವರ್ಷದಲ್ಲಿ ಜಿಂಕೆಗೆ ಮೇವಾಗುವ ಆ ಹುಲ್ಲೇ ನಮ್ಮ ಹಟ್ಟಿಯ ದನವನ್ನೂ ಉಳಿಸುವುದು. ಹುಲ್ಲುಳಿಯದ ಊರಿನಲ್ಲಿ ಹಾಲೆಲ್ಲಿಯದು?