ನಾಗೇಶ್ ಬರಿಯ ಹಾಸ್ಯನಟರೇ?

ತಮಿಳುನಾಡಿನ ಕನ್ನಡಿಗರು ಸೇರಿದೆಡೆಯಲ್ಲಿ “ನಾಗೇಶ್ ನಮ್ಮವರು” ಎಂಬ ಮಾತು ಆಗಾಗ ಕೇಳಿಬರುತ್ತದೆ. ಧಾರಾಪುರದಲ್ಲಿ, ಕನ್ನಡ ಮನೆಮಾತಿನ ಮಾಧ್ವ ಕುಟುಂಬಕ್ಕೆ ಸೇರಿದ್ದ ಈ ಮಹಾನಟನ ಬಗೆಗೆ ಸೋಲೂರಿನ ನಮಗೂ ಹೆಮ್ಮೆಯಿದೆ. ಆದರೆ ಅದರ ಬೆನ್ನಿಗೇ ಬರುವ “ಎಂಥ ಹಾಸ್ಯನಟ! ಭಾರತದ ಜೆರ್ರಿ ಲೂಯಿಸ್!” ಎಂಬ ಹೊಗಳಿಕೆಯನ್ನು ನಾವು ಒಪ್ಪಲಾರೆವು. ಅದು ಅವರನ್ನು ಎರಡು ಬಗೆಯಲ್ಲಿ ಕುಗ್ಗಿಸುತ್ತದೆ.

ಮೊದಲನೆಯದು ಹೋಲಿಕೆ. ಮೈಯ ಚುರುಕಿನಲ್ಲಿ ಆ ಹಾಲಿವುಡ್ ನಟನ ನೆರಳು ಕಂಡೀತು. ಆದರೆ ‘ತಿರುವಿಳೈಯಾಡಲ್’ (1965) ಚಿತ್ರದ ಬಡಕವಿ ದರುಮಿ ಯಾರ ನೆರಳು? ಪೊನ್ನಿನ ಗಂಟಿನಾಸೆಗೆ ಇನ್ನೊಬ್ಬರ ಪದ್ಯವನ್ನು ಪಾಂಡ್ಯನ ಸಭೆಗೊಯ್ಯುವ ಆ ಪಾತ್ರದಲ್ಲಿ ಹಸಿವು, ಆಸೆ, ಅಂಜಿಕೆಗಳನ್ನು ಅವರು ಒಟ್ಟಿಗೇ ತೋರಿಸಿದರು. ಆ ಕವಿ ಈ ನೆಲದವನು. ಅವನನ್ನು ಅಳೆಯಲು ಪರದೇಶದ ಅಳತೆಗೋಲು ಬೇಕಿಲ್ಲ.

ಎರಡನೆಯದು ‘ಹಾಸ್ಯನಟ’ ಎಂಬ ಬೇಲಿ. ‘ಸರ್ವರ್ ಸುಂದರಂ’ (1964) ಚಿತ್ರದಲ್ಲಿ ಹೋಟೆಲಿನ ಮಾಣಿ ತಾರೆಯಾಗುತ್ತಾನೆ, ಒಲಿದವಳನ್ನು ಮಾತ್ರ ಪಡೆಯಲಾರ. ‘ತಿಲ್ಲಾನಾ ಮೋಹನಾಂಬಾಳ್’ (1968) ಚಿತ್ರದ ವೈತ್ತಿ ನಗುನಗುತ್ತಲೇ ಕೇಡು ಬಗೆಯುತ್ತಾನೆ. ‘ಅಪೂರ್ವ ಸಗೋದರರ್ಗಳ್’ (1989) ಚಿತ್ರದಲ್ಲಿ ಅವರು ನೇರ ಖಳನಾಯಕ. ‘ಮಗಳಿರ್ ಮಟ್ಟುಂ’ (1994) ಚಿತ್ರದಲ್ಲಂತೂ ಹೆಣದ ಪಾತ್ರ. ತುಟಿ ಬಿಚ್ಚದೆ, ಕಣ್ಣೆವೆ ಮಿಸುಕದೆ ನಗಿಸಿದರು. ಇವೆಲ್ಲವನ್ನೂ ಒಂದೇ ಪದದೊಳಗೆ ತುರುಕುವುದು ಹೇಗೆ?

ನಗಿಸುವವರನ್ನು ಹಾಸ್ಯನಟರೆಂದರೆ ಅವಮಾನವೇ ಎಂದು ಕೇಳುವವರಿದ್ದಾರೆ. ಪದದಲ್ಲಿ ದೋಷವಿಲ್ಲ, ನಗಿಸುವುದು ಅಳಿಸುವುದಕ್ಕಿಂತ ಕೀಳೆಂಬ ಎಣಿಕೆಯಲ್ಲಿದೆ. ಮೂರು ದಶಕಕ್ಕೂ ಮೀರಿ ನಗಿಸಿದವರಿಗೆ ಪೋಷಕ ನಟನ ರಾಷ್ಟ್ರಪ್ರಶಸ್ತಿ ಬಂದದ್ದು ‘ನಮ್ಮವರ್’ (1994) ಚಿತ್ರದಲ್ಲಿ ಮಗಳನ್ನು ಕಳೆದುಕೊಂಡ ತಂದೆಯಾಗಿ ಅಳಿಸಿದಾಗ! 2009ರ ಜನವರಿ 31ರಂದು ಅವರು ತೀರಿಕೊಳ್ಳುವವರೆಗೂ ಪದ್ಮ ಪ್ರಶಸ್ತಿ ಅವರತ್ತ ಸುಳಿಯಲಿಲ್ಲ.

ಕನ್ನಡ ಚಿತ್ರರಂಗದ ಮಾತೂ ಬೇರೆಯಲ್ಲ. ರಾಜಕುಮಾರರನ್ನು ನಾಯಕರನ್ನಾಗಿಸಿದ ‘ಬೇಡರ ಕಣ್ಣಪ್ಪ’ (1954) ಚಿತ್ರವೇ ನರಸಿಂಹರಾಜು ಅವರನ್ನೂ ನಾಡಿಗೆ ಪರಿಚಯಿಸಿತು. ಕಿವಿ ಮಂದವಾಗಿದ್ದರೂ ಎದುರಿನವರ ಮಾತಿಗೆ ತಾಳ ತಪ್ಪದೆ ಉತ್ತರ ಕೊಟ್ಟವರು ಬಾಲಕೃಷ್ಣ. ನಾಯಕರ ಜಯಂತಿಗೆ ಹಾರ ತರುವವರು ಇವರಿಬ್ಬರ ಹುಟ್ಟುಹಬ್ಬವನ್ನು ನೆನೆಯುವುದು ಅಪರೂಪ.

ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಬಡಗ, ಶಾಲೆಯಲ್ಲಿ ತಮಿಳು — ಹೀಗೆ ಬೆಳೆಯುವ ನಮ್ಮ ಮಕ್ಕಳಿಗೆ ನಾಗೇಶರ ಬದುಕು ಹತ್ತಿರದ್ದು. ಮನೆಮಾತನ್ನು ಬಿಡದೆಯೂ ನೆರೆಯ ನುಡಿಯಲ್ಲಿ ಮೇರುವಾಗಬಹುದೆಂದು ಅವರು ತೋರಿಸಿಕೊಟ್ಟರು. ಹುಟ್ಟಿನ ಬಲದಿಂದ ಅವರನ್ನು ನಮ್ಮವರೆನ್ನಲು ಶ್ರಮ ಬೇಕಿಲ್ಲ. ಅವರ ಚಿತ್ರಗಳನ್ನು ಮಕ್ಕಳೊಡನೆ ಕುಳಿತು ನೋಡಬೇಕು, ಅಭಿನಯವನ್ನು ಚರ್ಚಿಸಬೇಕು. ಅತಿಥಿಗಳು ಬರುವವರೆಗೆ ಹೊತ್ತು ಕಳೆಯುವ ಸರಕೆಂದು ಹಾಸ್ಯವನ್ನು ಕಾಣುವ ರೂಢಿ ಸಾಹಿತ್ಯಕೂಟಗಳಿಂದ ತೊಲಗಬೇಕು. ಹಾಸ್ಯ ಪ್ರಸಂಗಕ್ಕೂ ಗೋಷ್ಠಿಯ ನಡುಹಗಲಿನ ಹೊತ್ತು ಸಲ್ಲಬೇಕು. ಇದು ನಮ್ಮ ಒತ್ತಾಯ.