ಐನೂರಿಪ್ಪತ್ತೈದು ಪಟ್ಟು ಆಸೆ



1997ರ ಏಪ್ರಿಲ್ ತಿಂಗಳಲ್ಲಿ ನಮ್ಮ ಶಾಲೆಯ ಮೈದಾನದಲ್ಲಿ ನಿಂತು ಹೇಲ್-ಬಾಪ್ ಧೂಮಕೇತುವನ್ನು ನೋಡಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸೂರ್ಯ ಮುಳುಗಿದ ಮೇಲೆ ವಾಯವ್ಯ ದಿಕ್ಕಿನಲ್ಲಿ ಬಾಲ ಬಿಚ್ಚಿ ನಿಂತಿದ್ದ ಆ ಅತಿಥಿಯನ್ನು ಕಾಣಲು ನಮ್ಮ ಬಳಿ ಯಾವ ಉಪಕರಣವೂ ಇರಲಿಲ್ಲ. ಬರಿಗಣ್ಣೇ ಸಾಕಾಗಿತ್ತು.

ಅಂದು ಅಲ್ಲಿದ್ದ ಒಬ್ಬ ಶಿಷ್ಯ, ಕೆಲವು ವರ್ಷಗಳ ಹಿಂದೆ, ತನ್ನ ಮಗನಿಗೆ ದೂರದರ್ಶಕ ಕೊಳ್ಳುವ ಮುನ್ನ ನನ್ನಲ್ಲಿಗೆ ಬಂದ. “ಐನೂರಿಪ್ಪತ್ತೈದು ಪಟ್ಟು ದೊಡ್ಡದಾಗಿ ಕಾಣುತ್ತದಂತೆ ಮೇಷ್ಟ್ರೇ” ಎಂದು ಡಬ್ಬಿಯ ಚಿತ್ರ ತೋರಿಸಿದ. ನಾನು ಹೆಚ್ಚು ವಿಚಾರಿಸದೆ “ಹುಡುಗನಿಗೆ ಆಸಕ್ತಿಯಿದ್ದರೆ ಕೊಡಿಸಪ್ಪ” ಎಂದುಬಿಟ್ಟೆ. ಆರು ತಿಂಗಳ ನಂತರ ಅವರ ಮನೆಗೆ ಹೋದಾಗ ದೂರದರ್ಶಕ ಅಟ್ಟ ಸೇರಿತ್ತು. ಹುಡುಗ ತಲೆತಗ್ಗಿಸಿ “ನನಗೆ ನೋಡೋದಕ್ಕೆ ಬರೋದಿಲ್ಲ ತಾತ” ಎಂದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಆದರೆ ಮಗು ತನ್ನ ಕಾಲನ್ನೇ ದೂರಿಕೊಂಡಿತ್ತು. ನನ್ನ ಸಿಟ್ಟು ಇರುವುದು ಇಲ್ಲಿಯೇ. ಹಣ ಹೋದರೆ ಸಂಪಾದಿಸಬಹುದು, ಹೋದ ಆತ್ಮವಿಶ್ವಾಸವನ್ನು ಯಾವ ಅಂಗಡಿಯಿಂದ ತರೋಣ?

ಲೆಕ್ಕ ಸರಳವಾದುದು, ನಿಮಗೆ ಹತ್ತನೆಯ ತರಗತಿಯಲ್ಲಿ ನಾನೇ ಹೇಳಿಕೊಟ್ಟದ್ದು. ದೂರದರ್ಶಕದ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. ಅದರಲ್ಲಿ ಸಂಗಮದೂರ 700 ಮಿ.ಮೀ., ಐಪೀಸ್ 4 ಮಿ.ಮೀ.; ಅಂದರೆ 175 ಪಟ್ಟು. ನಡುವೆ ಮೂರು ಪಟ್ಟಿನ ಬಾರ್ಲೋ ಮಸೂರ ತೂರಿಸಿದರೆ 525. ಲೆಕ್ಕ ಸುಳ್ಳಲ್ಲ, ನೋಟ ಸುಳ್ಳು! ಮುಂದಿನ ಮಸೂರದ ವ್ಯಾಸ 60 ಮಿ.ಮೀ. ಮಾತ್ರ. ಒಂದು ಮಿಲಿಮೀಟರಿಗೆ ಎರಡು ಪಟ್ಟಿನಂತೆ 120 ಪಟ್ಟು ದಾಟಿದರೆ ಅಲ್ಲಿ ಕಾಣುವುದು ಮಬ್ಬು ಮಾತ್ರ. ಮೇಲಾಗಿ, ಕಾಲು ನಡುಗುವ ಸ್ಟ್ಯಾಂಡಿನ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಗೆಲಿಲಿಯೋ 1610ರಲ್ಲಿ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು ಇಪ್ಪತ್ತು ಪಟ್ಟಿನಲ್ಲಿ ಎಂಬುದನ್ನು ಡಬ್ಬಿಯ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

“ಒಳ್ಳೆಯ ಸಲಕರಣೆಯಿಲ್ಲದೆ ಹವ್ಯಾಸ ಬೆಳೆಯುವುದೆಂತು?” ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕಳಪೆ ಉಪಕರಣ ಉತ್ಸಾಹವನ್ನು ಕೊಲ್ಲುತ್ತದೆಂಬುದಕ್ಕೆ ಈ ಹುಡುಗನೇ ಸಾಕ್ಷಿ. ಎಲ್ಲವೂ ಅಗ್ಗದ್ದೇ ಇರಲಿ ಎಂಬ ವೈರಾಗ್ಯವನ್ನು ನಾನು ಬೋಧಿಸುತ್ತಿಲ್ಲ. ಅಗತ್ಯ ಯಾವುದು, ಆಸೆ ಯಾವುದು ಎಂಬುದನ್ನು ನಿರ್ಧರಿಸುವವರು ಯಾರು ಎಂದಷ್ಟೇ ಕೇಳುತ್ತಿದ್ದೇನೆ. ಆಸೆ ಹುಟ್ಟುವುದು ಡಬ್ಬಿಯ ಚಿತ್ರದಿಂದ. ಅಗತ್ಯ ಹುಟ್ಟುವುದು, ಕೈಯಲ್ಲಿರುವುದನ್ನು ಪೂರ್ತಿ ಬಳಸಿ, ಇದಕ್ಕಿಂತ ಮುಂದೆ ಹೋಗಲಾಗದು ಎಂಬ ಜಾಗಕ್ಕೆ ಬಂದು ನಿಂತಾಗ. ಆ ಜಾಗಕ್ಕೆ ನಡೆದು ಹೋಗದವನಿಗೆ ಎರಡರ ನಡುವಿನ ಗೆರೆ ಕಾಣುವುದಾದರೂ ಹೇಗೆ?

ನನ್ನ ತಪ್ಪನ್ನು ತಿದ್ದಿಕೊಳ್ಳಲು ಹುಡುಗನಿಗೆ ಒಂದು ನೋಟ್ ಪುಸ್ತಕವನ್ನೂ ನನ್ನ ಹಳೆಯ ಬೈನಾಕ್ಯುಲರನ್ನೂ ಕೊಟ್ಟೆ. ಕಂಡದ್ದನ್ನು ಬರೆ, ಕಾಣದ್ದನ್ನೂ ಬರೆ ಎಂದೆ. ಮೊದಲು ಮಳೆಗಳ ಹೆಸರಿನಿಂದ ಅಜ್ಜಿಗೆ ಪರಿಚಯವಿದ್ದ ರೋಹಿಣಿ, ಮೃಗಶಿರಾಗಳನ್ನು ಬರಿಗಣ್ಣಿನಲ್ಲಿ ಗುರುತಿಸಿದ. ಬೈನಾಕ್ಯುಲರಿನಲ್ಲಿ ಕೃತ್ತಿಕೆಯ ಹತ್ತಾರು ನಕ್ಷತ್ರಗಳನ್ನು ಎಣಿಸಿದ. ಗೋಡೆಗೆ ಒರಗಿ ಕೈ ಸ್ಥಿರವಾಗಿಸಿ ಗುರುವಿನ ಪಕ್ಕದ ಚುಕ್ಕಿಗಳು ಪ್ರತಿರಾತ್ರಿ ಜಾಗ ಬದಲಿಸುವುದನ್ನು ಚಿತ್ರಿಸಿದ. ವರ್ಷ ಕಳೆದ ಮೇಲೆ ಬಂದು, “ತಾತ, ಶನಿಯ ಬಳೆ ಇದರಲ್ಲಿ ಕಾಣಲ್ಲ” ಎಂದ.

ಅದು ಅಗತ್ಯ!

ಹೊಸದೇನನ್ನೂ ಕೊಳ್ಳಲಿಲ್ಲ. ಅಟ್ಟದಿಂದ ಅದೇ ದೂರದರ್ಶಕವನ್ನು ಇಳಿಸಿದೆವು. ಡಬ್ಬಿಯ ಮೂಲೆಯಲ್ಲಿ ಬಿದ್ದಿದ್ದ 20 ಮಿ.ಮೀ. ಐಪೀಸ್ ಹಾಕಿದೆವು, ಸ್ಟ್ಯಾಂಡಿಗೆ ಮರಳು ತುಂಬಿದ ಚೀಲ ತೂಗುಹಾಕಿದೆವು. ಮೂವತ್ತೈದೇ ಪಟ್ಟು. ಪುಟ್ಟ ಶನಿ, ಸುತ್ತ ಪುಟ್ಟ ಬಳೆ. ಅವನಪ್ಪ ನೋಡಲು ಕಾಯುತ್ತ ನಿಂತಿದ್ದ. ಹುಡುಗ ಕಣ್ಣು ಕೀಳಲಿಲ್ಲ.

ಕ್ಯಾಮೆರಾ ಇರಲಿ, ವೀಣೆ ಇರಲಿ, ಕ್ರಿಕೆಟ್ ಬ್ಯಾಟ್ ಇರಲಿ, ಮಕ್ಕಳಿಗೆ ಕೊಡಿಸುವ ಮುನ್ನ ಒಂದು ಮಾತು ಕೇಳಿ: “ಇದ್ದುದರಲ್ಲಿ ನಿನಗೆ ಏನು ಸಾಧ್ಯವಾಗಲಿಲ್ಲ?” ಉತ್ತರ ಬಂದರೆ ಸಾಲದಿದ್ದರೂ ಕೂಡಿಸಿ ಕೊಡಿಸಿ. ಬರದಿದ್ದರೆ ಕಾಯಿರಿ. ನಾನು ಕಾಯದೆ ಕೆಟ್ಟೆ, ನೀವು ಕೆಡಬೇಡಿ.

ನಿಮ್ಮ ಮೇಷ್ಟ್ರು