ಪ್ಲೂಟೋದ ತೆರಿಗೆಯೂ ನಮ್ಮ ಪೇಸ್ಲಿಪ್ಪೂ (ನೈಟ್ ಡ್ಯೂಟಿ ಮಾತು – 9)

ಇಲ್ಲಿನ ನಮ್ಮ ಕನ್ನಡ ನರ್ಸುಗಳ ವಾಟ್ಸಾಪ್ ಗ್ರೂಪಿನಲ್ಲಿ ಈ ವಾರ ಹಳೇ 'ಡಾಕ್ಟರ್ ಹೂ' ಸೀರಿಯಲ್ಲಿನ ತುಣುಕೊಂದು ಓಡಾಡ್ತಿದೆ. ಜೊತೆಗೊಂದು ಸಾಲು: "ತೆರಿಗೆ ಅಂದ್ರೆ ದರೋಡೆ, ಇವರು 1977ರಲ್ಲೇ ಹೇಳಿದ್ರು." ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ. ಜಗಳಕ್ಕೆ ಬರೋರು ಪೂರ್ತಿ ಓದಿ ಬನ್ನಿ.

ಆ ಕಥೆಯ ಹೆಸರು 'ದಿ ಸನ್ ಮೇಕರ್ಸ್'. ಟಾಮ್ ಬೇಕರ್ ಡಾಕ್ಟರ್ ಆಗಿದ್ದ ಕಾಲ, ನಾಲ್ಕು ಕಂತು. ಬರೆದವರು ರಾಬರ್ಟ್ ಹೋಮ್ಸ್. ಅವರಿಗೇ ತೆರಿಗೆ ಇಲಾಖೆ ಜೊತೆ ತಕರಾರಿತ್ತು, ಆ ಸಿಟ್ಟನ್ನೆಲ್ಲ ಇದರಲ್ಲಿ ಕಾರಿಕೊಂಡರು. ಆಗ ಇಲ್ಲಿ ದೊಡ್ಡ ಸಂಬಳಕ್ಕೆ ಮೇಲಿನ ದರ ನೂರಕ್ಕೆ 83 ಇತ್ತು. ಕಥೆಯ ಖಳನಾಯಕ 'ಕಲೆಕ್ಟರ್'ಗೆ ಆಗಿನ ಹಣಕಾಸು ಮಂತ್ರಿ ಡೆನಿಸ್ ಹೀಲಿಯದೇ ಹುಬ್ಬು ಅಂಟಿಸಿದ ಹಾಗಿದೆ. ಒಂದು ಕಾರಿಡಾರಿಗೆ 'ಪಿ45' ಅಂತ ಹೆಸರು. ಇಲ್ಲಿ ಕೆಲಸ ಬಿಟ್ಟವರಿಗೆಲ್ಲ ಆ ಕಾಗದ ಗೊತ್ತು.

ಕಥೆ ಇಷ್ಟು. ಮನುಷ್ಯರು ಪ್ಲೂಟೋದಲ್ಲಿ ಒಂದು ಕಂಪನಿಯ ಕೈಕೆಳಗೆ ದುಡೀತಾರೆ. ಕಾರ್ಡೋ ಅನ್ನೋ ಕೂಲಿಯ ಅಪ್ಪ ಸತ್ತಿದ್ದಾನೆ, ಸಾವಿಗೂ ತೆರಿಗೆ. ಕೂಡಿಟ್ಟ ದುಡ್ಡು ತಂದರೆ ದರ ಏರಿದೆ. "ನಿದ್ದೆ ಮಾಡೋ ಹೊತ್ತಲ್ಲೂ ದುಡಿ" ಅಂತ ಗ್ಯಾದರರ್ ಅನ್ನೋ ವಸೂಲಿ ಅಧಿಕಾರಿ ಬುದ್ಧಿ ಹೇಳ್ತಾನೆ. ಕಾರ್ಡೋ ಸಾಯೋಕೆ ಮಹಡಿ ಹತ್ತುತ್ತಾನೆ. ತಿಂಗಳ ಕೊನೆಗೆ ಸಾಲದೆ ರಜೆ ದಿನಾನೂ ಬ್ಯಾಂಕ್ ಶಿಫ್ಟ್ ಹಿಡಿಯೋ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನನ್ನ ತಕರಾರು. ಆ ದುಡ್ಡು ಹೋಗೋದು ಸರ್ಕಾರಕ್ಕಲ್ಲ, ಕಂಪನಿಗೆ. ಕಟ್ಟೋರಿಗೆ ವೋಟಿಲ್ಲ, ವಾಪಸ್ ಬರೋದು ಏನೂ ಇಲ್ಲ. ಕೊಡೋದು ಒಂದು ಕಡೆ, ಕೇಳೋ ಹಕ್ಕು ಇನ್ನೊಂದು ಕಡೆ ಆದರೆ ಅದು ತೆರಿಗೆಯಲ್ಲ, ವಸೂಲಿ. ಹೋಮ್ಸ್ ತಮ್ಮ ಸಿಟ್ಟಲ್ಲಿ ಬರೆದಿರಬಹುದು, ಆದರೆ ಕಥೆ ಅವರ ಸಿಟ್ಟಿಗಿಂತ ಜಾಣ.

ನನ್ನ ಸಂಬಳದಲ್ಲಿ 12,570 ಪೌಂಡ್ ದಾಟಿದ್ದಕ್ಕೆ ನೂರಕ್ಕೆ 20 ಹೋಗುತ್ತೆ. ನನಗೆ ಹೊಟ್ಟೆ ಉರಿಯಲ್ಲ. ರಾತ್ರಿ ಎರಡು ಗಂಟೆಗೆ ಎದೆನೋವು ಅಂತ ಬಂದವರ ಮನೆಯವರನ್ನು ಮೊದಲು ಬಿಲ್ಲಿಂಗ್ ಕೌಂಟರಿಗೆ ಕಳಿಸೋ ಗತಿ ಇಲ್ಲಿ ನನಗಿಲ್ಲ. ಊರಲ್ಲಿ ಅಡ್ವಾನ್ಸ್ ಕಟ್ಟೋಕೆ ಓಡಿದವರಿಗೆ ಇದರ ಬೆಲೆ ಗೊತ್ತು.

ನನಗೆ ಉರಿಯೋದು ಬೇರೆ ಕಡೆ. 2015ರಲ್ಲಿ ವೀಸಾದವರ ಮೇಲೆ ಆರೋಗ್ಯ ಸರ್ಚಾರ್ಜ್ ಬಂತು, ತಲೆಗೆ ವರ್ಷಕ್ಕೆ 200 ಪೌಂಡ್. 2019ರ ಹೊತ್ತಿಗೆ 400. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮೂರು ವರ್ಷದ ವೀಸಾ: 4,800 ಪೌಂಡ್, ಅದೂ ಮುಂಗಡ. ಸಂಬಳದಿಂದ ತೆರಿಗೆ ಕಟ್ಟಿ, ಅದೇ ವಾರ್ಡಿನಲ್ಲಿ ಹೆಣಗಾಡೋ ನರ್ಸು, ಆ ವಾರ್ಡಿನ ಬಾಗಿಲು ತನಗೂ ತೆರೀಲಿ ಅಂತ ಮತ್ತೆ ಕಟ್ಟಬೇಕಿತ್ತು. ಕೋವಿಡ್ ಕಾಲದಲ್ಲಿ ಗುರುವಾರ ಸಂಜೆ ಚಪ್ಪಾಳೆ, ವೀಸಾ ರಿನ್ಯೂವಲ್‌ಗೆ ಬಿಲ್ಲು. ಪ್ಲೂಟೋದ ಗ್ಯಾದರರ್ ಕೂಡ ಇಷ್ಟು ಚೆನ್ನಾಗಿ ಯೋಚಿಸಿರಲಿಲ್ಲ.

ಕಂಪನಿ ಅಲ್ಲಿ ಗಾಳಿಗೆ ಒಂದು ಅನಿಲ ಬೆರೆಸುತ್ತೆ. ಅದು ಕುಡಿದವರಿಗೆ ಸದಾ ದಿಗಿಲು, ಹಾಗಾಗಿ ಯಾರೂ ತಲೆ ಎತ್ತಲ್ಲ. ನಮಗೆ ಅನಿಲ ಬೇಕಿಲ್ಲ, ಸ್ಪಾನ್ಸರ್ ಪತ್ರ ಸಾಕು. "ರೋಟಾ ತಪ್ಪಿದೆ ಅಂತ ಹೇಳ್ಲಾ ಅಕ್ಕ? ವೀಸಾಗೆ ಏನಾದ್ರೂ ಆದ್ರೆ?" ಅಂತ ಹೊಸದಾಗಿ ಬಂದ ಹುಡುಗೀರು ಕೇಳ್ತಾರಲ್ಲ, ಅದೇ ವಾಸನೆ.

ಇನ್ನೊಂದು. ಪ್ಲೂಟೋದಲ್ಲಿ ದರ ಏರಿದರೆ ಮುಖಕ್ಕೆ ಹೇಳ್ತಾರೆ. ಇಲ್ಲಿ ಆ 12,570 ಗೆರೆ 2021ರಿಂದ ಅಲ್ಲೇ ನಿಂತಿದೆ. ಸಂಬಳ ನಾಲ್ಕು ಕಾಸು ಏರಿದಾಗೆಲ್ಲ ಅಷ್ಟೂ ಗೆರೆಯಿಂದ ಆಚೆ ಬೀಳುತ್ತೆ. ದರ ಏರಿಸಿಲ್ಲ ಅಂತ ಮಂತ್ರಿಗಳು ಎದೆ ತಟ್ಟಿಕೊಳ್ಳಬಹುದು, ಕಡಿತ ಮಾತ್ರ ಏರುತ್ತೆ. ತೆರಿಗೆ ಕೇಳೋದಾದರೆ ಮುಖ ನೋಡಿ ಕೇಳಲಿ.

ಕಥೆಯಲ್ಲಿ ನನಗೆ ಸೇರದ್ದೂ ಇದೆ. ಕೊನೆಗೆ ಜನ ಗ್ಯಾದರರನ್ನು ಮಹಡಿಯಿಂದ ಎತ್ತಿ ಬಿಸಾಕಿ ಕುಣೀತಾರೆ. ನಾವೂ ಹಾಗೇ. "ದೇವರು ಕೊಟ್ಟರೂ ಪೂಜಾರಿ ಕೊಡ" ಅಂತ ಗೊಣಗಿ ಪೇರೋಲ್‌ನಲ್ಲಿ ಫೋನ್ ಎತ್ತಿದವರ ಮೇಲೆ ಕೂಗಾಡ್ತೀವಿ. ಆಕೆಯೂ ನಮ್ಮ ಹಾಗೆ ಸಂಬಳದವಳು, ನಿಯಮ ಬರೆದವಳಲ್ಲ. ಕಂಪನಿ ಬಿದ್ದದ್ದೂ ಹಾಗಲ್ಲ. ಡಾಕ್ಟರ್ ಅವರದೇ ಕಂಪ್ಯೂಟರಿಗೆ ಬೆಳವಣಿಗೆ ಮೇಲೆ ನೂರಕ್ಕೆ ಎರಡು ತೆರಿಗೆ ಹಾಕಿಸ್ತಾನೆ. ಲೆಕ್ಕ ತಲೆಕೆಳಗಾಗಿ ಕಲೆಕ್ಟರ್ ಕುಗ್ಗಿ ಕುರ್ಚಿಯೊಳಗೇ ಇಳಿದುಹೋಗ್ತಾನೆ. ಗೆದ್ದದ್ದು ಲೆಕ್ಕ ಓದಿದವನು.

ನಮ್ಮ ಸರ್ಚಾರ್ಜ್ ಕಥೇನೂ ಹಾಗೇ. 2020ರ ಮೇ ತಿಂಗಳಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಪಾರ್ಲಿಮೆಂಟಿನಲ್ಲಿ ಅದನ್ನು ಸಮರ್ಥಿಸಿ, ಮಾರನೇ ದಿನವೇ ಆರೋಗ್ಯ ಸಿಬ್ಬಂದಿಗೆ ಕೈಬಿಡ್ತೀವಿ ಅಂದರು. ಯೂನಿಯನ್ನುಗಳು ಬಿಡದೆ ಕೂಗಿದ್ದಕ್ಕೆ ಅದು ಆಗಿದ್ದು, ದಯೆಯಿಂದಲ್ಲ. ಆದರೆ ಬೇರೆ ಕೆಲಸದ ವೀಸಾದವರಿಗೆ ಅದೇ ಸರ್ಚಾರ್ಜ್ 2024ರಿಂದ ವರ್ಷಕ್ಕೆ 1,035 ಪೌಂಡ್. ನಾವು ತಪ್ಪಿಸಿಕೊಂಡೆವು ಅಂತ ಸುಮ್ಮನಾಗೋದು ಸರಿಯಲ್ಲ. ಅವರೂ ತೆರಿಗೆ ಕಟ್ಟೋರೇ.

ಹಾಗಾಗಿ "ತೆರಿಗೆ ದರೋಡೆ" ಅಂತ ಫಾರ್ವರ್ಡ್ ಮಾಡೋ ಮೊದಲು ನಿಮ್ಮ ಟ್ಯಾಕ್ಸ್ ಕೋಡ್ ನೋಡಿ. ಎನ್‌ಎಂಸಿಗೆ ವರ್ಷಾ ವರ್ಷಾ ಕಟ್ಟೋ 120 ಪೌಂಡಿಗೆ ತೆರಿಗೆ ವಿನಾಯಿತಿ ಇದೆ, ಹಿಂದಿನ ನಾಲ್ಕು ವರ್ಷದ್ದೂ ಕೇಳಬಹುದು. ಯೂನಿಯನ್ ಸೇರಿಲ್ಲದವರು ಸೇರಿ, ಅದರ ಚಂದಾಕ್ಕೂ ವಿನಾಯಿತಿ ಉಂಟು. ಹೊಸ ಹುಡುಗೀರಿಗೆ ರೋಟಾ ವಿಷಯ ಕೇಳೋ ಧೈರ್ಯ ಕೊಡಿ, ಬೇಕಾದರೆ ಜೊತೆಗೆ ಹೋಗಿ ನಿಲ್ಲಿ.

ಮುಂದಿನ ಕಂತಲ್ಲಿ ಪೆನ್ಷನ್ ಕಡಿತ. ಬೈಯೋರು ಬೈಯಿರಿ, ಆದ್ರೆ ಪೇಸ್ಲಿಪ್ ಕೈಲಿ ಹಿಡ್ಕೊಂಡು ಬೈಯಿರಿ.